ಓದುಗರ ಪ್ರಶ್ನೆ, ತಜ್ಞರ ಉತ್ತರ: ವಿಶ್ವವಿದ್ಯಾಲಯ ರಾಜ್ಯದ್ದು, ಯಜಮಾನಿಕೆ ಯಾರದು?

ಈ ಬಾರಿ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆಯನ್ನು ಎರಡು ದಿಕ್ಕಿನಿಂದ ಕೇಳುತ್ತವೆ. ರಾಜ್ಯದ ವಿಶ್ವವಿದ್ಯಾಲಯದಲ್ಲಿ ದೆಹಲಿಯವರಿಗೇನು ಕೆಲಸ ಎನ್ನುವವರು ಒಂದು ಕಡೆ. ದೆಹಲಿಯವರೇ ಎಲ್ಲವನ್ನೂ ವಹಿಸಿಕೊಂಡು ನಮ್ಮನ್ನು ಈ ಜಾತಿ, ಲಂಚದ ಕೊಚ್ಚೆಯಿಂದ ಎತ್ತಬಾರದೇ ಎನ್ನುವವರು ಇನ್ನೊಂದು ಕಡೆ. ರಾಜ್ಯದ ಒಂದು ವಿಶ್ವವಿದ್ಯಾಲಯದ ಆಡಳಿತ ವಿಭಾಗದಲ್ಲಿ ದುಡಿದು, ಕೊನೆಗೆ ಕುಲಸಚಿವನಾಗಿ ನ್ಯಾಯಾಲಯದ ಕಡತಗಳನ್ನೇ ಹೆಚ್ಚಾಗಿ ಹೊತ್ತವನು ನಾನು. ಹಾಗಾಗಿ ಎರಡೂ ಗುಂಪಿನ ಮೇಲೆ ನನಗೆ ಸಮಾನ ಸಿಟ್ಟಿದೆ. ಯುಜಿಸಿ ಎಂದರೆ ದೆಹಲಿಯ ವಿಶ್ವವಿದ್ಯಾಲಯ ಅನುದಾನ ಆಯೋಗ; ಕುಲಪತಿ ಎಂದರೆ ವಿಶ್ವವಿದ್ಯಾಲಯವನ್ನು ನಡೆಸುವವರು, ಕುಲಾಧಿಪತಿ ಎಂದರೆ ಅವರ ಮೇಲಿನವರು, ಸಾಮಾನ್ಯವಾಗಿ ರಾಜ್ಯಪಾಲರು. ಇದಕ್ಕಿಂತ ಹೆಚ್ಚಿನ ಪಾಠ ಇಲ್ಲಿ ಸಿಗುವುದಿಲ್ಲ. ಈ ವಿಷಯದಲ್ಲಿ ಪತ್ರ ಬರೆಯುವಷ್ಟು ಆಸಕ್ತಿ ಇರುವವರು ಉಳಿದದ್ದನ್ನು ತಿಳಿದಿರಬೇಕು.

ಪ್ರಶ್ನೆ: ನಮ್ಮ ವಿಶ್ವವಿದ್ಯಾಲಯ ಹುಟ್ಟಿದ್ದು ರಾಜ್ಯದ ಕಾನೂನಿನಿಂದ, ಸಂಬಳ ಕೊಡುವುದು ರಾಜ್ಯದ ಖಜಾನೆ. ಹೀಗಿರುವಾಗ ಕುಲಪತಿ ಯಾರಾಗಬೇಕೆಂದು ಯುಜಿಸಿ ಹೇಗೆ ಹೇಳುತ್ತದೆ? ತುರ್ತುಪರಿಸ್ಥಿತಿಯಲ್ಲಿ ಕಸಿದುಕೊಂಡ ಶಿಕ್ಷಣವನ್ನು ರಾಜ್ಯಪಟ್ಟಿಗೆ ಮರಳಿಸಿದರೆ ಎಲ್ಲವೂ ಸರಿಹೋಗುವುದಿಲ್ಲವೇ? (ನಿವೃತ್ತ ಪ್ರಾಧ್ಯಾಪಕರು, ಧಾರವಾಡ)

ಸರಿಹೋಗುವುದಿಲ್ಲ. ಈ 1976ರ ಕಥೆಯನ್ನು ವಿಚಾರ ಸಂಕಿರಣಗಳಲ್ಲಿ ಕೇಳಿ ಕೇಳಿ ನನಗೆ ಸಾಕಾಗಿದೆ. ಯಾವ ವಿಷಯದಲ್ಲಿ ಯಾರು ಕಾನೂನು ಮಾಡಬೇಕೆಂದು ಸಂವಿಧಾನದ ಏಳನೇ ಅನುಸೂಚಿ ಮೂರು ಪಟ್ಟಿಗಳಲ್ಲಿ ಹಂಚಿದೆ: ಕೇಂದ್ರದ್ದು, ರಾಜ್ಯದ್ದು, ಇಬ್ಬರಿಗೂ ಸೇರಿದ ಸಮವರ್ತಿ. ಸಂವಿಧಾನದ 42ನೇ ತಿದ್ದುಪಡಿ ರಾಜ್ಯಪಟ್ಟಿಯ 11ನೇ ನಮೂದನ್ನು ಕಿತ್ತು ಶಿಕ್ಷಣವನ್ನು ಸಮವರ್ತಿ ಪಟ್ಟಿಯ 25ನೇ ನಮೂದಿಗೆ ಸೇರಿಸಿತು, ಅಷ್ಟು ನಿಜ. ಆದರೆ ಯುಜಿಸಿಯ ಬಲ ಇರುವುದು ಅಲ್ಲಲ್ಲ. ಕೇಂದ್ರಪಟ್ಟಿಯ 66ನೇ ನಮೂದನ್ನು ತೆಗೆದು ನೋಡಿ. ಉನ್ನತ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳಲ್ಲಿ ಸಮನ್ವಯ ತರುವುದು, ಮಾನದಂಡ ನಿಗದಿ ಮಾಡುವುದು ಕೇಂದ್ರದ ಕೆಲಸ ಎಂದು ಅದು ಹೇಳುತ್ತದೆ. ಸಂವಿಧಾನ ಜಾರಿಗೆ ಬಂದ ದಿನದಿಂದ ಅದು ಅಲ್ಲೇ ಇದೆ. ಯುಜಿಸಿ ಅಧಿನಿಯಮ 1956ರದ್ದು, ತುರ್ತುಪರಿಸ್ಥಿತಿಗಿಂತ ಸುಮಾರು ಇಪ್ಪತ್ತು ವರ್ಷ ಹಳೆಯದು. ಇನ್ನೂ ಒಂದು ಮಾತು: ರಾಜ್ಯಪಟ್ಟಿಯಲ್ಲಿದ್ದ ಆ 11ನೇ ನಮೂದೇ, ವಿಶ್ವವಿದ್ಯಾಲಯಗಳೂ ಸೇರಿದಂತೆ ಶಿಕ್ಷಣ ರಾಜ್ಯದ್ದು, ಆದರೆ ಕೇಂದ್ರಪಟ್ಟಿಯ 63ರಿಂದ 66ರವರೆಗಿನ ನಮೂದುಗಳಿಗೆ ಒಳಪಟ್ಟು ಎಂದು ಹೇಳುತ್ತಿತ್ತು. ನಾಳೆ ಬೆಳಿಗ್ಗೆ ಅದನ್ನು ಮರಳಿ ತಂದರೂ 66 ಅಲುಗುವುದಿಲ್ಲ. ವೇದಿಕೆಯ ಮೇಲೆ ಮೇಜು ಕುಟ್ಟುವ ಮಹನೀಯರು ಏಳನೇ ಅನುಸೂಚಿಯ ಒಂದೆರಡು ಪುಟ ಓದಿಕೊಂಡು ಬಂದರೆ ಉಪಕಾರವಾಗುತ್ತದೆ.

ಈ ಜಗಳ ಎಷ್ಟು ಹಳೆಯದೆಂದರೆ, ಶಿಕ್ಷಣ ಪೂರ್ತಿಯಾಗಿ ರಾಜ್ಯಪಟ್ಟಿಯಲ್ಲಿದ್ದಾಗಲೇ ಅದು ಸುಪ್ರೀಂ ಕೋರ್ಟಿಗೆ ಹೋಗಿತ್ತು. ಕಾಲೇಜುಗಳಲ್ಲಿ ಇಂಗ್ಲಿಷನ್ನು ಬಿಡಿಸಿ ಗುಜರಾತಿ ಅಥವಾ ಹಿಂದಿಯಲ್ಲೇ ಪಾಠ ನಡೆಯಬೇಕೆಂದು ಗುಜರಾತ್ ವಿಶ್ವವಿದ್ಯಾಲಯ ಪಟ್ಟು ಹಿಡಿದಾಗ, ಅಹಮದಾಬಾದಿನ ಒಬ್ಬ ವಿದ್ಯಾರ್ಥಿಯ ತಂದೆ ನ್ಯಾಯಾಲಯದ ಮೆಟ್ಟಿಲೇರಿದರು. ಬೋಧನಾ ಮಾಧ್ಯಮ ಮಾನದಂಡದ ಮೇಲೆ ಪರಿಣಾಮ ಬೀರುವಷ್ಟರ ಮಟ್ಟಿಗೆ ಅದು 66ನೇ ನಮೂದಿನ ಒಳಗೆ ಬರುತ್ತದೆ ಎಂದು 1962ರಲ್ಲಿ ಸಂವಿಧಾನ ಪೀಠ ಹೇಳಿತು. ವಿಶ್ವವಿದ್ಯಾಲಯ ಸೋತಿತು.

ಮರುವರ್ಷವೇ ನಮ್ಮ ಸರದಿ. ಎಂಜಿನಿಯರಿಂಗ್, ವೈದ್ಯಕೀಯ ಕಾಲೇಜುಗಳ ಪ್ರವೇಶಕ್ಕೆ ಐಚ್ಛಿಕ ವಿಷಯಗಳ ಗರಿಷ್ಠ ಅಂಕದ ಶೇ 25ರಷ್ಟನ್ನು ಸಂದರ್ಶನಕ್ಕೆ ಇಡಬೇಕೆಂದು ಮೈಸೂರು ಸರ್ಕಾರ ಆದೇಶ ಹೊರಡಿಸಿತು. ಇದರಿಂದ ಮಾನದಂಡ ಕುಸಿಯುತ್ತದೆ, ಅದು ಕೇಂದ್ರದ ಕ್ಷೇತ್ರ ಎಂಬ ವಾದ ಎದ್ದಿತು. ಚಿತ್ರಲೇಖಾ ಪ್ರಕರಣವೆಂದು ವಕೀಲರೆಲ್ಲ ಬಾಯಿಪಾಠ ಮಾಡುವ 1964ರ ಆ ತೀರ್ಪಿನಲ್ಲಿ ಮೈಸೂರು ಗೆದ್ದಿತು. ರಾಜ್ಯದ ನಿಯಮದ ಹೊಡೆತಕ್ಕೆ ಕೇಂದ್ರದ ಕ್ಷೇತ್ರವೇ ಅಳಿಸಿಹೋಗುವಂತೆ ಅಥವಾ ಗಣನೀಯವಾಗಿ ಮೊಟಕಾಗುವಂತೆ ಆದರೆ ಮಾತ್ರ ಆ ನಿಯಮ ಬೀಳುತ್ತದೆ, ಇಲ್ಲದಿದ್ದರೆ ಇಲ್ಲ ಎಂದು ನ್ಯಾಯಾಲಯ ಹೇಳಿತು. ರಾಜ್ಯಗಳ ಪರವಾಗಿ ಇಂದಿಗೂ ಎತ್ತಿಹಿಡಿಯಬಹುದಾದ ಗಟ್ಟಿ ಮಾತು ಅದು. ನಮ್ಮದೇ ಪ್ರಕರಣ. ಆದರೂ ಬೆಂಗಳೂರಿನಲ್ಲಿ ಒಕ್ಕೂಟ ವ್ಯವಸ್ಥೆಯ ಬಗ್ಗೆ ಭಾಷಣ ಮಾಡುವವರ ಬಾಯಲ್ಲಿ ಅದರ ಹೆಸರನ್ನು ನಾನು ಕೇಳಿದ್ದು ಅಪರೂಪ.

66ನೇ ನಮೂದು ಎಂದರೆ ರಾಜ್ಯಗಳ ಕತ್ತು ಹಿಸುಕುವ ಹಗ್ಗ ಎಂದು ತಿಳಿದವರು ಛತ್ತೀಸಗಢವನ್ನು ನೆನಪಿಸಿಕೊಳ್ಳಲಿ. ಆ ರಾಜ್ಯ 2002ರಲ್ಲಿ ಒಂದು ಕಾನೂನು ಮಾಡಿ, ಅಧಿಸೂಚನೆಯ ಮೇಲೆ ಅಧಿಸೂಚನೆ ಹೊರಡಿಸಿ ನೂರಕ್ಕೂ ಹೆಚ್ಚು ಖಾಸಗಿ ವಿಶ್ವವಿದ್ಯಾಲಯಗಳನ್ನು ಹುಟ್ಟಿಸಿತು. ಎಷ್ಟೋ ಕಡೆ ಕಟ್ಟಡವಿಲ್ಲ, ಗ್ರಂಥಾಲಯವಿಲ್ಲ. ಹೆಸರು, ವಿಳಾಸ ಮತ್ತು ಪದವಿ ಕೊಡುವ ಅಧಿಕಾರ ಮಾತ್ರ. ಭೌತವಿಜ್ಞಾನಿ ಪ್ರೊಫೆಸರ್ ಯಶಪಾಲ್ ಹೂಡಿದ ಮೊಕದ್ದಮೆಯಲ್ಲಿ 2005ರಲ್ಲಿ ಸುಪ್ರೀಂ ಕೋರ್ಟ್ ಆ ಕಾನೂನಿನ ಮುಖ್ಯ ಕಲಮುಗಳನ್ನೇ ರದ್ದು ಮಾಡಿತು. ಆಧಾರ ಇದೇ 66. ರಾಜ್ಯದ ಕೈಗೆ ಪೂರ್ತಿ ಬಿಟ್ಟರೆ ಏನಾಗಬಹುದು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಇನ್ನು ಕುಲಪತಿಯ ವಿಷಯ. ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ, 2000ರ 14ನೇ ಪ್ರಕರಣದ ಪ್ರಕಾರ, ಕುಲಪತಿ ಹುದ್ದೆಗೆ ಹೆಸರು ಸೂಚಿಸುವ ಶೋಧನಾ ಸಮಿತಿಯಲ್ಲಿ ಕುಲಾಧಿಪತಿ, ಯುಜಿಸಿ, ರಾಜ್ಯ ಸರ್ಕಾರ, ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟ್ ಈ ನಾಲ್ವರ ನಾಮನಿರ್ದೇಶಿತರಿರುತ್ತಾರೆ. ಸಮಿತಿ ಕೊಟ್ಟ ಪಟ್ಟಿಯಿಂದ ಒಬ್ಬರನ್ನು ಕುಲಾಧಿಪತಿ ನೇಮಿಸುವುದು ರಾಜ್ಯ ಸರ್ಕಾರದ ಸಹಮತಿಯೊಂದಿಗೆ. ಈ ‘ಸಹಮತಿ’ಯಲ್ಲಿ ರಾಜ್ಯದ ಇಡೀ ಪಾಲು ಅಡಗಿದೆ. ರಾಜ್ಯದ ಕಾನೂನಿಗೂ ಯುಜಿಸಿ ತಾನೇ ಹೊರಡಿಸುವ ನಿಯಮಕ್ಕೂ, ಅಂದರೆ ವಿನಿಯಮಕ್ಕೂ, ತಾಳೆಯಾಗದಿದ್ದರೆ ಯಾವುದು ಮೇಲು? ತಮಿಳುನಾಡಿನ ಮಧುರೈ ಕಾಮರಾಜ್ ವಿಶ್ವವಿದ್ಯಾಲಯದ ಪ್ರಕರಣದಲ್ಲಿ 2015ರಲ್ಲಿ ಸುಪ್ರೀಂ ಕೋರ್ಟ್, ರಾಜ್ಯ ಅಳವಡಿಸಿಕೊಳ್ಳದ ಹೊರತು ಯುಜಿಸಿಯ ವಿನಿಯಮ ಅದನ್ನು ಕಟ್ಟಿಹಾಕುವುದಿಲ್ಲ ಎಂದಿತು. 2022ರಲ್ಲಿ ಗಾಳಿ ತಿರುಗಿತು. ಗುಜರಾತಿನ ಸರ್ದಾರ್ ಪಟೇಲ್ ವಿಶ್ವವಿದ್ಯಾಲಯದ ಕುಲಪತಿಯ ನೇಮಕವನ್ನು ಮಾರ್ಚ್‌ನಲ್ಲೂ, ಕೇರಳದ ತಾಂತ್ರಿಕ ವಿಶ್ವವಿದ್ಯಾಲಯದ ಕುಲಪತಿಯ ನೇಮಕವನ್ನು ಅಕ್ಟೋಬರ್‌ನಲ್ಲೂ ಅದೇ ನ್ಯಾಯಾಲಯ ರದ್ದುಮಾಡಿತು. ವಿನಿಯಮಗಳು ಸಂಸತ್ತಿನ ಮುಂದೆ ಮಂಡನೆಯಾಗುವುದರಿಂದ ಅವು ಮೂಲ ಕಾನೂನಿನ ಭಾಗವೇ, ರಾಜ್ಯದ ಕಾನೂನು ಅವುಗಳ ಎದುರು ನಿಲ್ಲದು ಎಂಬುದು ಅದರ ಸಾರ. ಗುಜರಾತಿನಲ್ಲಿದ್ದದ್ದು ಯಾವ ಪಕ್ಷದ ಸರ್ಕಾರ, ಕೇರಳದಲ್ಲಿದ್ದದ್ದು ಯಾವುದು ಎಂದು ನಿಮಗೆ ಗೊತ್ತೇ ಇದೆ. ಆದ್ದರಿಂದ ಇದನ್ನು ಒಂದು ಪಕ್ಷದ ಸಂಚು ಎನ್ನುವವರ ಪತ್ರಗಳನ್ನು ನಾನು ಬದಿಗಿಟ್ಟಿದ್ದೇನೆ. ಕುರ್ಚಿಯಲ್ಲಿದ್ದಾಗ ಎಲ್ಲ ರಾಜ್ಯ ಸರ್ಕಾರಗಳೂ ಒಂದೇ ಹಾಡು ಹಾಡುತ್ತವೆ.

ನನ್ನ ಅಭಿಪ್ರಾಯ ಕೇಳಿದ್ದೀರಿ. ಕುಲಪತಿಯಾಗುವವರಿಗೆ ಹತ್ತು ವರ್ಷ ಪ್ರಾಧ್ಯಾಪಕರಾಗಿ ದುಡಿದ ಅನುಭವ ಬೇಕು ಎಂದರೆ ಅದು ಮಾನದಂಡ. ಅದನ್ನು ದೆಹಲಿ ಹೇಳಲಿ, ತಕರಾರಿಲ್ಲ. ಹೇಳದಿದ್ದರೆ ನಮ್ಮವರು ಯಾರ್‍ಯಾರನ್ನು ತಂದು ಕೂರಿಸುತ್ತಿದ್ದರು ಎಂಬ ಅಂದಾಜು ನನಗಿದೆ. ಆದರೆ ಶೋಧನಾ ಸಮಿತಿಯಲ್ಲಿ ರಾಜ್ಯ ಸರ್ಕಾರದ ಪ್ರತಿನಿಧಿಯೇ ಇರಬಾರದು ಎಂದರೆ ಅದು ಮಾನದಂಡವಲ್ಲ, ಯಜಮಾನಿಕೆ. 2025ರ ಜನವರಿಯಲ್ಲಿ ಯುಜಿಸಿ ಹೊರಡಿಸಿದ ಕರಡು ಅದನ್ನೇ ಮಾಡಿತು. ಕುಲಾಧಿಪತಿಯ ಕಡೆಯಿಂದ ಒಬ್ಬರು, ಯುಜಿಸಿ ಅಧ್ಯಕ್ಷರ ಕಡೆಯಿಂದ ಒಬ್ಬರು, ವಿಶ್ವವಿದ್ಯಾಲಯದ ಮೇಲ್ಮಂಡಳಿಯಿಂದ ಒಬ್ಬರು. ರಾಜ್ಯ ಸರ್ಕಾರಕ್ಕೆ ಜಾಗವೇ ಇಲ್ಲ. ಜೊತೆಗೆ ಉದ್ಯಮದವರೂ ಕುಲಪತಿಯಾಗಬಹುದು ಎಂಬ ಸಡಿಲಿಕೆ. ಒಂದು ಕೈಯಿಂದ ಮಾನದಂಡವನ್ನು ಇಳಿಸಿ, ಅದೇ ಮಾನದಂಡದ ಹೆಸರಿನಲ್ಲಿ ಇನ್ನೊಂದು ಕೈಯಿಂದ ರಾಜ್ಯವನ್ನು ಹೊರಗಿಡುವುದು ಯಾವ ನ್ಯಾಯ? ಒಪ್ಪದ ಸಂಸ್ಥೆಗಳನ್ನು ಯುಜಿಸಿ ಯೋಜನೆಗಳಿಂದ ಹೊರಗಿಡುವ, ಪದವಿ ಕೋರ್ಸ್ ನಡೆಸದಂತೆ ತಡೆಯುವ ಬೆದರಿಕೆ ಬೇರೆ. ಫೆಬ್ರುವರಿಯಲ್ಲಿ ಆರು ರಾಜ್ಯಗಳವರು ಬೆಂಗಳೂರಿನಲ್ಲಿ ಸೇರಿ ಇದನ್ನು ವಿರೋಧಿಸಿ ನಿರ್ಣಯ ಮಾಡಿದರು. ಆ ವಿರೋಧ ಸರಿಯಾಗಿಯೇ ಇತ್ತು.

ಇಷ್ಟು ಹೇಳಿ ನಿಲ್ಲಿಸಿದರೆ ಮೊದಲ ಗುಂಪಿನವರು ಚಪ್ಪಾಳೆ ತಟ್ಟುತ್ತಾರೆ. ಅವರಿಗೂ ಸ್ವಲ್ಪ ಕೇಳಿಸಬೇಕು.

ಕುಲಪತಿಯನ್ನು ಆರಿಸುವ ಹಕ್ಕಿಗೆ ಹೊಡೆದಾಡುವ ನಮ್ಮ ಸರ್ಕಾರಗಳು, ಯಾರೂ ಕಸಿಯದ ತಮ್ಮ ಹಕ್ಕನ್ನು ಹೇಗೆ ಬಳಸಿವೆ? ಹುದ್ದೆ ತುಂಬುವುದಕ್ಕೆ ಯುಜಿಸಿ ಅಡ್ಡ ಬಂದಿಲ್ಲ. ನಾನು ಕೈಯಾರೆ ಕಟ್ಟಿದ ಒಂದು ಕಡತ ಹೇಗೆ ಓಡಾಡಿತು ಎಂದು ಹೇಳುತ್ತೇನೆ. ಒಂದು ವಿಜ್ಞಾನ ವಿಭಾಗದಲ್ಲಿ ಖಾಯಂ ಅಧ್ಯಾಪಕರು ನಿವೃತ್ತರಾಗುತ್ತ ಆಗುತ್ತ ಇಬ್ಬರಿಗೆ ಇಳಿದಿದ್ದರು. ಖಾಲಿ ಹುದ್ದೆ ತುಂಬಲು ಅನುಮತಿ ಕೋರಿ ಕಡತ ಮೇಲೆ ಹೋಯಿತು. ಮೀಸಲಾತಿಯ ಸರದಿ ಹೇಳುವ ರೋಸ್ಟರ್ ಬಿಂದು ತೋರಿಸಿ ಎಂದು ಮರಳಿ ಬಂತು. ತೋರಿಸಿದೆವು. ತುಂಬದೆ ಉಳಿದ ಮೀಸಲು ಹುದ್ದೆಗಳ ಬ್ಯಾಕ್‌ಲಾಗ್ ಪ್ರತ್ಯೇಕಿಸಿ ಎಂದು ಬಂತು. ಪ್ರತ್ಯೇಕಿಸಿದೆವು. ಕಾರ್ಯಭಾರದ ಲೆಕ್ಕ ಕೊಡಿ, ವಿದ್ಯಾರ್ಥಿಗಳ ಸಂಖ್ಯೆ ಇಳಿದಿರುವುದೇಕೆ ಎಂದು ಕೇಳಿ ಬಂತು. ಪಾಠ ಮಾಡುವವರಿಲ್ಲದ ವಿಭಾಗಕ್ಕೆ ಯಾರು ಸೇರುತ್ತಾರೆ ಎಂದು ಟಿಪ್ಪಣಿಯಲ್ಲಿ ಬರೆಯುವಂತಿಲ್ಲವಲ್ಲ! ಕೊನೆಗೆ ಹಸಿರು ಶಾಯಿಯಲ್ಲಿ ಒಂದೇ ಸಾಲು: ‘ಆರ್ಥಿಕ ಮಿತವ್ಯಯದ ಹಿನ್ನೆಲೆಯಲ್ಲಿ ಸದ್ಯಕ್ಕೆ ಪರಿಗಣಿಸಲಾಗದು.’ ಅದೇ ಮೇಜಿನ ಮೇಲೆ ದೆಹಲಿಯ ಸುತ್ತೋಲೆ ಕಾಯುತ್ತಿತ್ತು: ಅಧ್ಯಾಪಕ–ವಿದ್ಯಾರ್ಥಿ ಅನುಪಾತದ ಪಾಲನಾ ವರದಿಯನ್ನು ಹದಿನೈದು ದಿನಗಳಲ್ಲಿ ಸಲ್ಲಿಸತಕ್ಕದ್ದು.

ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿಗೆ ಬನ್ನಿ. ಸುಮಾರು ಹತ್ತು ಸಾವಿರ ಅತಿಥಿ ಉಪನ್ಯಾಸಕರ ಬೆನ್ನ ಮೇಲೆ ಅವು ನಿಂತಿವೆ. ಅವರನ್ನು ವರ್ಷಗಟ್ಟಲೆ ದುಡಿಸಿಕೊಂಡಿದ್ದು ರಾಜ್ಯ. ಎನ್‌ಇಟಿ, ಸ್ಲೆಟ್ ಎಂಬ ಅರ್ಹತಾ ಪರೀಕ್ಷೆ ಅಥವಾ ಪಿಎಚ್‌ಡಿ ಇಲ್ಲದವರು ಅರ್ಹರಲ್ಲ ಎನ್ನುವುದು ಯುಜಿಸಿ. ನಡುವೆ ಬಿದ್ದವರು ತಲೆಗೂದಲು ನೆರೆತ ಮೇಲೆ ಅರ್ಹತಾ ಪರೀಕ್ಷೆಗೆ ಕೂರುತ್ತಿದ್ದಾರೆ. ಇಲ್ಲಿ ಮಾನದಂಡ ಹೇಳಿದ ಯುಜಿಸಿಯನ್ನು ಬೈಯುವುದು ಸುಲಭ. ಖಾಯಂ ನೇಮಕಾತಿ ಮಾಡದೆ ಅಗ್ಗದ ದುಡಿಮೆಗೆ ಒಗ್ಗಿಕೊಂಡವರನ್ನು ನಾನು ಮೊದಲು ಬೈಯುತ್ತೇನೆ.

ಹೊಸ ವಿಶ್ವವಿದ್ಯಾಲಯಗಳ ಕಥೆಯಂತೂ ಕೇಳಬೇಡಿ. ಚುನಾವಣೆಯ ಹೊಸ್ತಿಲಲ್ಲಿ ಚಾಮರಾಜನಗರ, ಹಾಸನ, ಕೊಡಗು, ಹಾವೇರಿ, ಕೊಪ್ಪಳ, ಬಾಗಲಕೋಟೆ, ಬೀದರ್ ಎಂದು ಜಿಲ್ಲೆಗೊಂದು ಫಲಕ ತೂಗುಹಾಕಿದರು. ಹೊಸ ಜಮೀನಿಲ್ಲ, ಹೊಸ ಹುದ್ದೆಗಳಿಲ್ಲ. ಹಳೆಯ ಸ್ನಾತಕೋತ್ತರ ಕೇಂದ್ರಗಳಿಗೇ ಹೊಸ ಹೆಸರು. 2023ರಲ್ಲಿ ಬಂದ ಇನ್ನೊಂದು ಸರ್ಕಾರದ ಸಂಪುಟ ಉಪಸಮಿತಿ 2025ರಲ್ಲಿ ಇವುಗಳಲ್ಲಿ ಹೆಚ್ಚಿನವನ್ನು ಸೇರಿಸಿ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತಾಡಿತು. ಹುಟ್ಟಿಸಿದ್ದೂ ರಾಜ್ಯವೇ, ಮುಚ್ಚಲು ಹೊರಟಿದ್ದೂ ರಾಜ್ಯವೇ. ಇದರಲ್ಲಿ ದೆಹಲಿಯ ಕೈವಾಡ ಹುಡುಕಿ ಕೊಟ್ಟವರಿಗೆ ಬಹುಮಾನ ಕೊಡುತ್ತೇನೆ.

ದೆಹಲಿಗೂ ಹಣದ ವಿಷಯದಲ್ಲಿ ಮುಖವಿಲ್ಲ. ಏಳನೇ ವೇತನ ಆಯೋಗದ ಯುಜಿಸಿ ವೇತನ ಶ್ರೇಣಿಯನ್ನು ರಾಜ್ಯಗಳು ಒಪ್ಪಿದರೆ, ಹೆಚ್ಚುವರಿ ಹೊರೆಯ ಅರ್ಧವನ್ನು ತಾನು ಹೊರುತ್ತೇನೆ ಎಂದಿತು ಕೇಂದ್ರ. ಎಷ್ಟು ಕಾಲ? 2016ರ ಜನವರಿ 1ರಿಂದ 2019ರ ಮಾರ್ಚ್ 31ರವರೆಗೆ. ಮೂರು ವರ್ಷ ಮೂರು ತಿಂಗಳು. ಆಮೇಲಿನ ಸಂಬಳ, ಬಡ್ತಿ, ಪಿಂಚಣಿ ಎಲ್ಲವೂ ರಾಜ್ಯದ ಪಾಲು. ಷರತ್ತು ಮಾತ್ರ ಶಾಶ್ವತ. ನಮ್ಮ ವಿಶ್ವವಿದ್ಯಾಲಯಗಳ ಪಾಡು ಹೀಗೆ: ಅನ್ನ ಹಾಕುವ ಹೊತ್ತಿಗೆ ಒಬ್ಬರ ಮೇಲೊಬ್ಬರು ಹಾಕುವ ನೆಂಟರು, ಮದುವೆಗೆ ಗಂಡು ನೋಡುವಾಗ ಮಾತ್ರ ಎಲ್ಲರೂ ಬಂದು ಚಾವಡಿಯಲ್ಲಿ ಕೂರುತ್ತಾರೆ.

ಆದ್ದರಿಂದ, ಪ್ರಾಧ್ಯಾಪಕರೇ, ರಾಜ್ಯಪಟ್ಟಿಗೆ ಮರಳಿಸುವ ಮನವಿಗೆ ಸಹಿ ಹಾಕುವುದಿದ್ದರೆ ಹಾಕಿ. ಆದರೆ ಅದಕ್ಕಿಂತ ಉಪಯೋಗದ ಕೆಲಸವೆಂದರೆ ನಿಮ್ಮ ಶಾಸಕರ ಹತ್ತಿರ ಹೋಗಿ, ಅವರ ಕ್ಷೇತ್ರದ ಕಾಲೇಜಿನಲ್ಲಿ ಮಂಜೂರಾದ ಹುದ್ದೆ ಎಷ್ಟು, ತುಂಬಿದ್ದೆಷ್ಟು ಎಂದು ಸದನದಲ್ಲಿ ಲಿಖಿತ ಪ್ರಶ್ನೆ ಹಾಕಿಸುವುದು. ಧಾರವಾಡದವರಾದ ನಿಮಗೆ ಗೊತ್ತಿರಬೇಕು, ಮುಂಬಯಿ ವಿಶ್ವವಿದ್ಯಾಲಯದ ಅಂಗಳದಿಂದ ಹೊರಬಂದು ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿದ್ದು 1949ರಲ್ಲಿ. ಅದಕ್ಕೂ ಮೊದಲು 1916ರಲ್ಲಿ ಮೈಸೂರು ಸಂಸ್ಥಾನ ತನ್ನ ಕಾಲೇಜುಗಳನ್ನು ಮದ್ರಾಸಿನ ಹಿಡಿತದಿಂದ ಬಿಡಿಸಿಕೊಂಡು ಸ್ವಂತ ವಿಶ್ವವಿದ್ಯಾಲಯ ಕಟ್ಟಿತು. ಆ ಎರಡೂ ಸಲ ದೂರದ ಯಜಮಾನರನ್ನು ಕಳಚಿಕೊಂಡ ಜನ ಹತ್ತಿರದ ಹೊಣೆಯನ್ನೂ ಹೊತ್ತರು, ದುಡ್ಡನ್ನೂ ಹಾಕಿದರು. ಈಗಿನವರಿಗೆ ಹಕ್ಕು ಬೇಕು, ಖರ್ಚು ಬೇಡ.

ಪ್ರಶ್ನೆ: ರಾಜ್ಯದ ಎಲ್ಲ ವಿಶ್ವವಿದ್ಯಾಲಯಗಳನ್ನೂ ಕೇಂದ್ರೀಯ ವಿಶ್ವವಿದ್ಯಾಲಯ ಮಾಡಿಬಿಟ್ಟರೆ ರಾಜಕೀಯ ನಿಲ್ಲುವುದಿಲ್ಲವೇ? (ದಾವಣಗೆರೆ)

ರಾಜಕೀಯ ನಿಲ್ಲುವುದಿಲ್ಲ, ಅದರ ವಿಳಾಸ ಬದಲಾಗುತ್ತದೆ. ಕೇಂದ್ರೀಯ ವಿಶ್ವವಿದ್ಯಾಲಯಗಳಲ್ಲೂ ಸಾವಿರಾರು ಬೋಧಕ ಹುದ್ದೆಗಳು ಖಾಲಿ ಇದ್ದುದನ್ನು ಕೇಂದ್ರವೇ ಸಂಸತ್ತಿನಲ್ಲಿ ಹೇಳಿದೆ.

ಪ್ರಶ್ನೆ: ರಾಜ್ಯಪಾಲರು ವಿಶ್ವವಿದ್ಯಾಲಯಗಳ ಮುಖ್ಯಸ್ಥರು ಎಂದು ಸಂವಿಧಾನವೇ ಹೇಳಿದೆಯಲ್ಲವೇ? (ಸ್ಪರ್ಧಾತ್ಮಕ ಪರೀಕ್ಷಾರ್ಥಿ, ವಿಜಯಪುರ)

ಹೇಳಿಲ್ಲ. ನಿಮಗೆ ಹಾಗೆಂದು ಹೇಳಿಕೊಟ್ಟ ಕೋಚಿಂಗ್ ಕೇಂದ್ರದಿಂದ ಶುಲ್ಕ ವಾಪಸ್ ಕೇಳಿ. ಕುಲಾಧಿಪತಿ ಸ್ಥಾನ ಕೊಟ್ಟದ್ದು ವಿಧಾನಮಂಡಲದ ಕಾನೂನು. ಗದಗದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯಕ್ಕೆ ಮುಖ್ಯಮಂತ್ರಿಯನ್ನೇ ಕುಲಾಧಿಪತಿ ಮಾಡುವ ಮಸೂದೆಯನ್ನು 2024ರ ಡಿಸೆಂಬರ್‌ನಲ್ಲಿ ಅದೇ ವಿಧಾನಮಂಡಲ ಅಂಗೀಕರಿಸಿತು. ಅಂತಹ ಮಸೂದೆ ಅಂಕಿತಕ್ಕೆ ಹೋಗುವುದು ಮತ್ತೆ ರಾಜ್ಯಪಾಲರ ಬಳಿಗೇ ಎಂಬುದು ಬೇರೆ ಮಾತು.

ಪ್ರಶ್ನೆ: ಮಗ ಮೂರು ವರ್ಷದ ಬಿ.ಎಸ್ಸಿ. ಓದುತ್ತಿದ್ದಾನೆ. ದೇಶದ ಉಳಿದ ಕಡೆ ನಾಲ್ಕು ವರ್ಷವಂತೆ. ಇವನ ಪದವಿಗೆ ಬೆಲೆ ಇರುತ್ತದೆಯೇ? (ಶಿವಮೊಗ್ಗ)

ಇರುತ್ತದೆ. ಈ ಭಯವನ್ನು ಹಬ್ಬಿಸುತ್ತಿರುವವರು ನಾಲ್ಕನೇ ವರ್ಷಕ್ಕೆ ಸೀಟು ಮಾರುವ ಸಂಸ್ಥೆಗಳ ಏಜೆಂಟರು. ಯುಜಿಸಿ 2022ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ಚೌಕಟ್ಟಿನಲ್ಲೇ ಮೂರು ವರ್ಷಕ್ಕೆ ಪದವಿ ಪಡೆದು ಹೊರಬರಲು ಅವಕಾಶವಿದೆ. ಮೂರು ವರ್ಷ ಓದಿದವರಿಗೆ ಸ್ನಾತಕೋತ್ತರ ಎರಡು ವರ್ಷ, ನಾಲ್ಕು ವರ್ಷ ಓದಿದವರಿಗೆ ಒಂದು ವರ್ಷ. ಲೆಕ್ಕ ಸಮ.

ಕೋಪ ಬರಬೇಕಾದದ್ದು ಬೇರೆ ಕಡೆ. ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲೇ ಮೊದಲು ತಂದವರು ನಾವು ಎಂದು 2021–22ರಲ್ಲಿ ತುತ್ತೂರಿ ಊದಿ ನಾಲ್ಕು ವರ್ಷದ ಪದವಿ ಶುರುಮಾಡಿದರು. ಪಠ್ಯವೇ ಸರಿಯಾಗಿ ಮುದ್ರಣವಾಗಿರಲಿಲ್ಲ. 2024ರ ಮೇ ತಿಂಗಳಲ್ಲಿ ಇನ್ನೊಂದು ಸರ್ಕಾರ ಅದನ್ನು ಕೈಬಿಟ್ಟು ಮತ್ತೆ ಮೂರು ವರ್ಷಕ್ಕೆ ತಂದಿತು. ನಡುವಿನ ಮೂರು ತಂಡಗಳು ಪ್ರಯೋಗಾಲಯದ ಇಲಿಗಳಾದವು. ಪದವಿ ಎಷ್ಟು ವರ್ಷದ್ದಿರಬೇಕು ಎಂದು ಬೆಂಗಳೂರಾದರೂ ಹೇಳಲಿ, ದೆಹಲಿಯಾದರೂ ಹೇಳಲಿ, ಒಮ್ಮೆ ಹೇಳಿದ್ದನ್ನು ಹತ್ತು ವರ್ಷ ಮುಟ್ಟದಿದ್ದರೆ ಸಾಕು. ಮಗನಿಗೆ ಓದಿಕೊಳ್ಳಲು ಹೇಳಿ.

ಪ್ರಶ್ನೆ: ನಾನು 2013–14ರಲ್ಲಿ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೆ ಸೇರಿದ್ದೆ. ರಾಜ್ಯ ಸರ್ಕಾರದ್ದೇ ವಿಶ್ವವಿದ್ಯಾಲಯವಾದರೂ ಪದವಿಗೆ ಮಾನ್ಯತೆ ಇಲ್ಲ ಎನ್ನುತ್ತಾರೆ. ಇದು ಹೇಗೆ ಸಾಧ್ಯ? (ಮಂಡ್ಯ)

ಸಾಧ್ಯ. ರಾಜ್ಯದ ಕಾನೂನು ವಿಶ್ವವಿದ್ಯಾಲಯಕ್ಕೆ ಹುಟ್ಟು ಕೊಡುತ್ತದೆ. ದೂರಶಿಕ್ಷಣದಲ್ಲಿ ಕೋರ್ಸ್ ನಡೆಸಲು ಯುಜಿಸಿಯ ಮಾನ್ಯತೆ ಬೇರೆಯೇ ಬೇಕು. ಮೈಸೂರಿನಲ್ಲಿರುವ ಈ ಮುಕ್ತ ವಿಶ್ವವಿದ್ಯಾಲಯ ತನ್ನ ವ್ಯಾಪ್ತಿ ಮೀರಿ, ಹೊರರಾಜ್ಯಗಳಲ್ಲಿ ಖಾಸಗಿ ಸಹಭಾಗಿಗಳ ಮೂಲಕ, ತಾಂತ್ರಿಕ ಕೋರ್ಸ್‌ಗಳನ್ನೂ ನಡೆಸಿತು ಎಂಬ ಆಕ್ಷೇಪದ ಮೇಲೆ, 2013–14ರಿಂದ ಮಾನ್ಯತೆ ಇಲ್ಲವೆಂದು ಯುಜಿಸಿ 2015ರ ಜೂನ್‌ನಲ್ಲಿ ಪ್ರಕಟಿಸಿತು. ದಿನಾಂಕಗಳನ್ನು ಇನ್ನೊಮ್ಮೆ ಓದಿ. ಸೇರಿದ ಹುಡುಗರು ಎರಡು ವರ್ಷ ಓದಿದ ಮೇಲೆ ಗೊತ್ತಾಯಿತು. ವ್ಯಾಪ್ತಿ ಮೀರುತ್ತಿದ್ದಾಗ ರಾಜ್ಯ ಏನು ಮಾಡುತ್ತಿತ್ತು? ಮೀರಿದ್ದು ಗೊತ್ತಿದ್ದೂ ಯುಜಿಸಿ ಅಷ್ಟು ಕಾಲ ಏನು ಕಾಯುತ್ತಿತ್ತು? 2018–19ರಿಂದ ಮತ್ತೆ ಮಾನ್ಯತೆ ಸಿಕ್ಕಿತು. ಈಗ ಸೇರುವವರು ತಾವು ಆರಿಸಿಕೊಂಡ ಕೋರ್ಸ್ ಆ ವರ್ಷದ ಯುಜಿಸಿ ಪಟ್ಟಿಯಲ್ಲಿದೆಯೇ ಎಂದು ಮಾತ್ರ ನೋಡಿಕೊಳ್ಳಲಿ.

ನಿಮ್ಮ ವಿಷಯದಲ್ಲಿ, ಪ್ರವೇಶದ ವರ್ಷ ಮತ್ತು ಕೋರ್ಸಿನ ಹೆಸರು ನಮೂದಿಸಿ ವಿಶ್ವವಿದ್ಯಾಲಯದಿಂದ ಲಿಖಿತ ಉತ್ತರ ಪಡೆಯಿರಿ. ಮೇಜಿನ ಆಚೆಯವರು ಬಾಯಿಮಾತಿನಲ್ಲಿ ಹೇಳಿದ್ದಕ್ಕೆ ನಾನು ಮೂರು ಕಾಸಿನ ಬೆಲೆ ಕೊಡುವುದಿಲ್ಲ. ‘ಐವತ್ತು ಸಾವಿರ ಕೊಡಿ, ಸಿಂಧುತ್ವ ಮಾಡಿಸಿಕೊಡುತ್ತೇವೆ’ ಎನ್ನುವವರ ಬಾಗಿಲಿಗೆ ಹೋಗಬೇಡಿ. ಅಂತಹ ಕಿಟಕಿ ಯಾವ ಕಚೇರಿಯಲ್ಲೂ ಇಲ್ಲ.

ಪ್ರಶ್ನೆ: ಅಂತರರಾಷ್ಟ್ರೀಯ ವಿಶ್ವವಿದ್ಯಾಲಯವೊಂದು ನಮ್ಮ ತಂದೆಯವರಿಗೆ ಗೌರವ ಡಾಕ್ಟರೇಟ್ ಕೊಡುತ್ತದಂತೆ. ಕಾರ್ಯಕ್ರಮದ ಖರ್ಚು ಮಾತ್ರ ನಮ್ಮದು. (ಬೆಳಗಾವಿ)

ಆ ಖರ್ಚಿನಲ್ಲಿ ತಂದೆಯವರನ್ನು ಕಾಶಿಗೆ ಕರೆದುಕೊಂಡು ಹೋಗಿ. ಕೇಂದ್ರದ ಅಥವಾ ರಾಜ್ಯದ ಕಾನೂನಿನಿಂದ ಹುಟ್ಟಿದ ವಿಶ್ವವಿದ್ಯಾಲಯ, ವಿಶ್ವವಿದ್ಯಾಲಯವೆಂದು ಪರಿಗಣಿಸಲಾದ (ಡೀಮ್ಡ್) ಸಂಸ್ಥೆ, ಇಲ್ಲವೇ ಸಂಸತ್ತು ಅಧಿಕಾರ ಕೊಟ್ಟ ಸಂಸ್ಥೆ ಬಿಟ್ಟು ಬೇರೆ ಯಾರೂ ಪದವಿ ಕೊಡುವಂತಿಲ್ಲ ಎಂದು ಯುಜಿಸಿ ಅಧಿನಿಯಮದ 22ನೇ ಪ್ರಕರಣ ಹೇಳುತ್ತದೆ. ಮೀರಿದವರಿಗೆ ಅದೇ ಕಾನೂನಿನ 24ನೇ ಪ್ರಕರಣ ಬರೆದಿಟ್ಟ ದಂಡ ಎಷ್ಟು ಗೊತ್ತೇ? ಗರಿಷ್ಠ ಒಂದು ಸಾವಿರ ರೂಪಾಯಿ. ನಿಮ್ಮದೇ ಜಿಲ್ಲೆಯ ಗೋಕಾಕದ ವಿಳಾಸವಿದ್ದ ಒಂದು ‘ವರ್ಲ್ಡ್ ಓಪನ್ ಯೂನಿವರ್ಸಿಟಿ’ಯ ಹೆಸರು ಯುಜಿಸಿಯ ನಕಲಿ ಪಟ್ಟಿಯಲ್ಲಿ ವರ್ಷಾನುವರ್ಷ ಇತ್ತು. ರಾಜ್ಯಗಳ ಕುಲಪತಿಯ ಕುರ್ಚಿಯ ಮೇಲೆ ಇಷ್ಟು ಕಣ್ಣಿಡುವ ದೆಹಲಿಗೆ ಈ ಸಾವಿರ ರೂಪಾಯಿಯನ್ನು ಹೆಚ್ಚಿಸುವ ಆತುರ ಕಾಣಲಿಲ್ಲ. ಪೊಲೀಸರು ಯಾರ ಕೈಯಲ್ಲಿದ್ದಾರೋ ಆ ರಾಜ್ಯಕ್ಕೂ ಇದು ತನ್ನ ಕೆಲಸ ಎನಿಸಲಿಲ್ಲ.

ಪ್ರಶ್ನೆ: ಯುಜಿಸಿಯ ಆದೇಶಕ್ಕೆ ಹೈಕೋರ್ಟ್ ತಡೆಯಾಜ್ಞೆ ಕೊಟ್ಟಿದೆ, ಆತಂಕ ಬೇಡ ಎಂದು ಒಂದು ಖಾಸಗಿ ಸಂಸ್ಥೆಯವರು ಹೇಳುತ್ತಿದ್ದಾರೆ. ಮಗಳನ್ನು ಸೇರಿಸಬಹುದೇ? (ತುಮಕೂರು)

ಬೇಡ. ವಕೀಲರು ನನ್ನನ್ನು ಅತಿ ಅಂಜುಬುರುಕ ಎನ್ನಬಹುದು, ಎನ್ನಲಿ. ತಡೆಯಾಜ್ಞೆ ಸಂಸ್ಥೆಯ ಬಾಗಿಲನ್ನು ತೆರೆದಿಡುತ್ತದೆ, ನಿಮ್ಮ ಮಗಳ ಪದವಿಗೆ ಖಾತರಿ ಕೊಡುವುದಿಲ್ಲ. ಮಧ್ಯಂತರ ಆದೇಶದ ಮೇಲೆ ಸೇರಿದವರು ಅಂತಿಮ ತೀರ್ಪಿಗೆ ಬದ್ಧರು ಎಂಬ ಸಾಲು ಅಂತಹ ಆದೇಶಗಳ ಕೊನೆಯಲ್ಲಿ ಸಾಮಾನ್ಯವಾಗಿ ಇರುತ್ತದೆ. ಅವರು ತೋರಿಸಿದ ಪ್ರತಿಯಲ್ಲಿ ಆ ಪುಟ ಇದೆಯೇ ಎಂದು ಮೊದಲು ನೋಡಿ.